ಕಾಲುವೆಯ ಕಲ್ಲು, ಮೊದಲ ಪುಟದ ಸುದ್ದಿ

ಭಾನುವಾರ ಸಂಜೆ ಲಿಂಗಸುಗೂರಿನ ನನ್ನ ಕೋಣೆಯಲ್ಲಿ ನಾನು ತಪ್ಪದೆ ಮಾಡುತ್ತಿದ್ದ ಕೆಲಸವೊಂದಿತ್ತು. ವಾರದ ಪತ್ರಿಕೆಗಳನ್ನು ಚಾಪೆಯ ಮೇಲೆ ಹರಡಿ, ಫುಟ್‌ಪಟ್ಟಿ ಹಿಡಿದು, ನನ್ನ ಬಾತ್ಮಿ ಎಷ್ಟು ಅಂಗುಲ ಅಚ್ಚಾಗಿದೆ, ನನ್ನ ಸಹಪಾಠಿಯದು ಎಷ್ಟು ಅಂಗುಲ ಅಚ್ಚಾಗಿದೆ ಎಂದು ಅಳೆಯುತ್ತಿದ್ದೆ. ದಿನಚರಿಯ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ನನ್ನದು, ಬಲಕ್ಕೆ ಅವನದು ಬರೆಯುತ್ತಿದ್ದೆ. ಎಡಗಡೆಯ ಅಂಕಿ ಬಲಗಡೆಯದನ್ನು ಮೀರಿದ ವಾರ ಒಂದೂ ಇರಲಿಲ್ಲ. ಆದರೂ ಅಳೆಯುವುದನ್ನು ಬಿಡಲಿಲ್ಲ. ಹುಣ್ಣನ್ನು ಮುಟ್ಟಿ ನೋಡಿಕೊಳ್ಳುವವನಂತೆ ಮತ್ತೆ ಮತ್ತೆ ಪಟ್ಟಿ ಇಡುತ್ತಿದ್ದೆ.

ಬ್ರಿಟಿಷ್ ಸೀಮೆಯ ಒಂದು ವಿಶ್ವವಿದ್ಯಾಲಯದಲ್ಲಿ ಪತ್ರಿಕಾ ವಿದ್ಯೆಯನ್ನು ಕಲಿಸಲು ಆಗಷ್ಟೇ ಶುರು ಮಾಡಿದ್ದರು. ಒಂದು ವರ್ಷದ ಡಿಪ್ಲೊಮಾ. ನಮ್ಮ ನಿಜಾಮರ ಸೀಮೆಯಿಂದ ಹೋದವರು ಇಬ್ಬರೇ. ನಾನೊಬ್ಬ, ಸಿಂಧನೂರಿನ ಅಡತಿ ವ್ಯಾಪಾರಿಯ ಮಗ ಇನ್ನೊಬ್ಬ. ಹೊರಡುವ ಮುಂಚೆ ನಮ್ಮ ಸೋದರಮಾವ ಕಟ್ಟೆಯ ಮೇಲೆ ನಾಲ್ಕು ಮಂದಿಯ ಎದುರಿಗೇ ಕೇಳಿದ್ದರು: "ಸುದ್ದಿ ಹೇಳೋದಕ್ಕೂ ಸಾಲಿ ಐತೇನೋ? ನಮ್ಮ ಕ್ಷೌರದಾಂವ ಪುಗಸಟ್ಟೆ ಹೇಳ್ತಾನಲ್ಲೋ, ಗಡ್ಡಾ ಬ್ಯಾರೆ ಕೆರೀತಾನ!" ಕಟ್ಟೆಯೇ ನಕ್ಕಿತು. ನಾನು ನಗಲಿಲ್ಲ. ಅದೊಂದು ವಿದ್ಯೆಯೆಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ.

ಅಲ್ಲಿಯ ಪ್ರೊಫೆಸರರು ಮೊದಲ ದಿನವೇ ಕಪ್ಪುಹಲಗೆಯ ಮೇಲೆ ಐದು ಮಾತು ಬರೆದರು. ಯಾರು, ಏನು, ಎಲ್ಲಿ, ಯಾವಾಗ, ಏಕೆ. "ಇವುಗಳಲ್ಲಿ ಒಂದು ಬಿಟ್ಟರೂ ಅದು ವರದಿಯಲ್ಲ, ವದಂತಿ" ಎಂದರು. ನಾನು ಅದನ್ನು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದುಕೊಂಡೆ. ಶೀಘ್ರಲಿಪಿಯಲ್ಲಿ, ಕರಡು ತಿದ್ದುವುದರಲ್ಲಿ, ತಲೆಬರಹದ ಅಕ್ಷರ ಎಣಿಸಿ ಕೂರಿಸುವುದರಲ್ಲಿ ತರಗತಿಗೆ ನಾನೇ ಮೊದಲು. ನನ್ನ ಸಹಪಾಠಿ ಯಾವುದರಲ್ಲೂ ಮೊದಲಿರಲಿಲ್ಲ. ಅವನ ಅಕ್ಷರ ಕೋಳಿ ಕೆದರಿದಂತಿತ್ತು. ಆದರೆ ಅವನು ಯಾವ ಅಂಗಡಿಯ ಮುಂದೆ ನಿಂತರೂ ಅಂಗಡಿಯವ ಒಳಗೆ ಕರೆದು ಕೂರಿಸುತ್ತಿದ್ದ, ಕೇಳದೆಯೇ ಮನೆಯ ಸುದ್ದಿ ಹೇಳುತ್ತಿದ್ದ. ಇದನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೆಂದು ನಾನು ಒಂದು ವರ್ಷ ಹುಡುಕಿದೆ.

ಕೊನೆಯ ಮೂರು ತಿಂಗಳು ಪ್ರಾಯೋಗಿಕ. ಒಂದು ಪತ್ರಿಕೆಗೆ ಊರ ಕಡೆಯಿಂದ ಬಾತ್ಮಿ ಕಳಿಸಬೇಕು, ಅಚ್ಚಾದದ್ದನ್ನು ಕತ್ತರಿಸಿ ಕಡತಕ್ಕೆ ಅಂಟಿಸಿ ಪ್ರೊಫೆಸರರಿಗೆ ಒಪ್ಪಿಸಬೇಕು. ಹೊಳೆಯಾಚೆಯ, ಬ್ರಿಟಿಷ್ ಸೀಮೆಯ, ಕನ್ನಡ ಪತ್ರಿಕೆಯೊಂದರ ಸಂಪಾದಕರು ನಮ್ಮಿಬ್ಬರನ್ನೂ ತೆಗೆದುಕೊಂಡರು. ಮೂರು ತಿಂಗಳ ಮೇಲೆ ಇಬ್ಬರಲ್ಲಿ ಒಬ್ಬನಿಗೆ ಕಚೇರಿಯಲ್ಲಿ ಉಪಸಂಪಾದಕನ ಕುರ್ಚಿ ಎಂದೂ ಹೇಳಿದರು. ಕುರ್ಚಿ ಒಂದೇ. ಇನ್ನೊಬ್ಬ ಊರ ಬಾತ್ಮೀದಾರನಾಗಿಯೇ ಉಳಿಯಬಹುದು.

ಸೀಮೆಯನ್ನು ಹಂಚಿದವರೂ ಅವರೇ. ಸಿಂಧನೂರು, ತುರ್ವಿಹಾಳ, ಬಳಗಾನೂರು ಅವನಿಗೆ. ಲಿಂಗಸುಗೂರು, ಗುರುಗುಂಟಾ, ಮಸ್ಕಿ ನನಗೆ. ಹಂಚುವಾಗ ಅದು ಸರಿಯಾಗಿಯೇ ಕಂಡಿತ್ತು. ನಾವು ಊರಿಗೆ ಬಂದ ವಾರವೇ ಹೊಳೆಯ ಕಾಲುವೆಯ ಸರ್ವೆ ಪಾರ್ಟಿ ತುರ್ವಿಹಾಳಕ್ಕೆ ಬಂದು ಡೇರೆ ಹಾಕಿತು. ಸರಪಳಿ, ಕೆಂಪು ಬಾವುಟ, ಮೂರು ಕಾಲಿನ ದುರ್ಬೀನು. ಹೊಳೆಗೆ ಕಟ್ಟುತ್ತಿದ್ದ ಅಣೆಕಟ್ಟಿನ ನೀರು ಯಾವ ಊರಿಗೆ ಬರುತ್ತದೆ, ಯಾವ ಊರಿಗೆ ಬರುವುದಿಲ್ಲ ಎಂದು ಗೆರೆ ಎಳೆಯುವವರು ಅವರು. ಅದು ಅವನ ಪಾಲು. ನನ್ನ ಪಾಲಿಗೆ ಬಂದದ್ದು ಮಸ್ಕಿಯ ಬಂಡೆ. ಅದರ ಮೇಲಿನ ಬರಹ ಎರಡು ಸಾವಿರ ವರ್ಷದಿಂದ ಒಂದಕ್ಷರವೂ ಬದಲಾಗಿರಲಿಲ್ಲ.

ನಾನು ದನದ ಸಂತೆ ಬರೆದೆ. ಮದರಸಾ, ಅಂದರೆ ಸರಕಾರಿ ಸಾಲಿ, ತನಿಖೆಗೆ ಬಂದ ಸಾಹೇಬರನ್ನು ಬರೆದೆ. ಗುರುಗುಂಟಾದಲ್ಲಿ ತೋಳ ಕುರಿ ಹಿಂಡಿಗೆ ಬಿದ್ದದ್ದನ್ನು ಬರೆದೆ. ತೆಳು ಕಾಗದದ ಒಂದೇ ಮಗ್ಗುಲಿಗೆ, ಎಡಕ್ಕೆ ಮೂರು ಬೆರಳು ಅಂಚು ಬಿಟ್ಟು, ನಿಜಾಮ ಸರಕಾರದ ಫಸಲಿ ತಾರೀಖಿನ ಜೊತೆಗೆ ಇಂಗ್ರೇಜಿ ತಾರೀಖು ಹಾಕಿ, ಲಕೋಟೆಯನ್ನು ರಾಯಚೂರಿನ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದೆ. ನಿಜಾಮರ ಸ್ಟಾಂಪು ಸೀಮೆ ದಾಟುತ್ತಿರಲಿಲ್ಲ; ಅವನು ಅದನ್ನು ಅಲ್ಲಿಯ ಇಂಗ್ರೇಜಿ ಪೋಸ್ಟಿಗೆ ಹಾಕಬೇಕು. ಯುದ್ಧ ಮುಗಿದಿದ್ದರೂ ಕಾಗದದ ಬರ ಮುಗಿದಿರಲಿಲ್ಲ. ಪತ್ರಿಕೆ ನಾಲ್ಕೇ ಪುಟ. ನನ್ನ ಒಂದು ಪುಟದ ಬಾತ್ಮಿ ಹೆಬ್ಬೆರಳಷ್ಟಾಗಿ ಬರುತ್ತಿತ್ತು. ಅವನ ಕಾಲುವೆ ಮಾತ್ರ ಪ್ರತಿ ವಾರವೂ ಹರಿಯುತ್ತಿತ್ತು.

ಇದಕ್ಕಿಂತ ಕಷ್ಟದ ಸಂಗತಿಯೆಂದರೆ ಅವನು ಒಳ್ಳೆಯವನು. ವಾರಕ್ಕೊಮ್ಮೆ ಬಸ್ಸಿನಲ್ಲಿ ಲಿಂಗಸುಗೂರಿಗೆ ಬರುತ್ತಿದ್ದ. ಒಂದು ವಾರ ತನ್ನ ಸೈಕಲ್ಲನ್ನು ಬಸ್ಸಿನ ಮೇಲೆ ತಂದು ನನ್ನ ಬಳಿ ಬಿಟ್ಟು, ಮುಂದಿನ ವಾರ ಬಂದಾಗ ತೆಗೆದುಕೊಂಡು ಹೋಗುತ್ತಿದ್ದ. ಬದಲಿಗೆ ನಾನು ಅವನ ಬಾತ್ಮಿಗಳನ್ನು ಅಂದವಾಗಿ ನಕಲು ಮಾಡಿ ಕೊಡಬೇಕು. ಅವನ ಅಕ್ಷರ ನೋಡಿ ಅಚ್ಚಿನ ಮೊಳೆ ಜೋಡಿಸುವವರು ಗಲಾಟೆ ಮಾಡಿದ್ದರಂತೆ.

"ಲೇ ಪಂಡಿತ, ನಿನ್ನ ಅಕ್ಷರ ನೋಡಿದ್ರ ಹುಡುಗಿ ಕೊಡಬೇಕು ಅನಸ್ತೈತಿ ನೋಡು," ಎಂದು ನನ್ನ ಬೆನ್ನಿಗೆ ಹೊಡೆಯುತ್ತಿದ್ದ. "ನನ್ನ ಬಾತ್ಮಿ, ನಿನ್ನ ಕೈ. ಇಬ್ಬರೂ ಕೂಡಿ ಒಬ್ಬ ಪೂರಾ ಮನಿಷಾ ಆಗ್ತೀವಿ."

ನನಗೆ ಸೈಕಲ್ಲು ಬೇಕಿತ್ತು. ನಕಲು ಮಾಡುತ್ತಿದ್ದೆ.

ಎಳ್ಳಮಾವಾಸ್ಯೆಯಾಗಿ ಮೂರನೆಯ ದಿನ ಅವನು ಓಡಿಬಂದ. ಹೊಸಲಿನಲ್ಲಿ ಚಪ್ಪಲಿಯನ್ನೂ ಬಿಡಲಿಲ್ಲ.

"ಕಾಲುವಿ ದಿಕ್ಕ ಬದಲಾಗೇತೋ! ನಾ ಕಣ್ಣಾರೆ ನೋಡೀನಿ. ಬಳಗಾನೂರ ಆಚೆ ಕಲ್ಲು ಮಸ್ಕಿ ಕಡೆ ಸರದಾವ. ಐದು ಕಲ್ಲು, ಒಂದ ಸಾಲಿನ್ಯಾಗ. ಬಾಣದ ಗುರ್ತು ಹಂಗ ಐತಿ."

ಸರ್ವೆಯವರು ಕಾಲುವೆಯ ದಾರಿಗೆ ನೆಡುತ್ತಿದ್ದ ಕಲ್ಲುಗಳು ಮೊಳದುದ್ದದವು. ತಲೆಗೆ ಸುಣ್ಣ, ಮುಖಕ್ಕೆ ಉಳಿಯಿಂದ ಕೊರೆದ ಬಾಣ. ಅವು ಹೋದತ್ತ ಕಾಲುವೆ ಎಂದು ಸೀಮೆಯೆಲ್ಲ ತಿಳಿದಿತ್ತು.

"ಸರ್ವೆ ಸಾಹೇಬರನ್ನ ಕೇಳಿದೇನು?" ಎಂದೆ.

"ಅವರು ಹಬ್ಬಕ್ಕ ಮುಂಚೆನ ಹೈದ್ರಾಬಾದಿಗೆ ಹೋಗ್ಯಾರ. ಅವರ ಬರೋತನ ಕುಂತ್ರ ಸುದ್ದಿ ಹಳಸ್ತೈತಿ. ಬರಿ, ಬರಿ!"

ಕಲ್ಲುಗಳು ಈಗ ಇವೆಯೆಂದು ಅವನು ಹೆಸರು ಹೇಳಿದ ಊರು ಬಳಗಾನೂರಿನ ಆಚೆ, ಮಸ್ಕಿಯ ಸೀಮೆಯೊಳಗೆ ಬರುತ್ತದೆ. ಅಂದರೆ ನನ್ನ ಸೀಮೆ. ನನ್ನ ಸೀಮೆಯ ಸುದ್ದಿಯನ್ನು, ನನ್ನ ಅಕ್ಷರದಲ್ಲಿ, ಅವನ ಹೆಸರಿಗೆ ಬರೆದುಕೊಟ್ಟೆ. ಮರುವಾರ ಅದು ಮೊದಲ ಪುಟದಲ್ಲಿ, ನಾಲ್ಕು ಕಡೆ ಗೆರೆ ಎಳೆದು, ಬಂದಿತು. ಫುಟ್‌ಪಟ್ಟಿ ಇಟ್ಟೆ. ನನ್ನ ಅಲ್ಲಿಯವರೆಗಿನ ಎಲ್ಲ ಬಾತ್ಮಿಗಳನ್ನು ಒಂದರ ಕೆಳಗೊಂದು ಇಟ್ಟರೂ ಅದರಷ್ಟಾಗಲಿಲ್ಲ. ಆ ದಿನ ನಾನು ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಸೈಕಲ್ಲು ಹತ್ತಿ ಹೊರಟೆ. ಯಾಕೆ ಹೊರಟೆನೆಂದು ದಿನಚರಿಯಲ್ಲಿ ಸ್ಪಷ್ಟವಾಗಿ ಬರೆದಿಟ್ಟಿದ್ದೇನೆ: "ಅವನ ವರದಿಯಲ್ಲಿ ತಪ್ಪು ಹುಡುಕಲು." ಅದು ಅವನದೇ ಸೈಕಲ್ಲು.

ಮಸ್ಕಿ ದಾಟಿ ಬಂಡಿ ದಾರಿ ಹಿಡಿದ ಮೇಲೆ ಕಾಲು ಸೋಲತೊಡಗಿತು. ಸ್ವಲ್ಪ ಹೊತ್ತಿಗೆ ಕಾರಣ ತಿಳಿಯಿತು. ದಾರಿ ಏರುತ್ತಿತ್ತು. ಕಣ್ಣಿಗೆ ಕಾಣದ ಏರು, ಮೀನಖಂಡಕ್ಕೆ ಮಾತ್ರ ಕಾಣುವಂಥದ್ದು. ಊರು ಆ ದಿನ್ನೆಯ ಮೇಲಿತ್ತು. ಆ ಊರಿನ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಹೊಲಗಳೆಲ್ಲ ಮಸಾರಿ, ಕೆಂಪು ನೆಲ. ಜೋಳ ಮೊಳಕಾಲೆತ್ತರಕ್ಕೆ ಬಂದು ಅಲ್ಲಿಗೇ ನಿಂತಿತ್ತು. ದಿನ್ನೆಯ ಕೆಳಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಕರಿಯ ಯರಿ ಭೂಮಿ. ಅಲ್ಲಿಯ ಜೋಳದಲ್ಲಿ ಎತ್ತು ನಿಂತರೆ ಕೊಂಬು ಕಾಣುತ್ತಿರಲಿಲ್ಲ. ಸರ್ವೆಯ ಮೊದಲ ಸಾಲು ಹೋದದ್ದು ಆ ಕೆಳಗಿನ ಊರಿನ ಮೇಲೆ.

ಸೈಕಲ್ಲನ್ನು ಒಂದು ಬನ್ನಿ ಗಿಡಕ್ಕೆ ಆನಿಸಿ ಮೊದಲ ಹೊಲಕ್ಕೆ ಇಳಿದೆ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಕೂರಿಸಿ, ಪೂಜೆ ಮಾಡಿ ಪೈರಿಗೆ ನೈವೇದ್ಯದ ಚರಗ ಚೆಲ್ಲುತ್ತಾರೆ. ಇಲ್ಲಿಯೂ ಐದು ಕಲ್ಲು ಕುಳಿತಿದ್ದವು. ನಾಲ್ಕು ಅಂಗೈಯಗಲದವು. ನಡುವಿನದು ಮೊಳದುದ್ದ. ಅರಿಶಿನ, ಕುಂಕುಮ, ಬಾಡಿದ ಚೆಂಡುಹೂ. ಹೂವಿನ ಸಂದಿನಿಂದ ಬಾಣದ ಮೊನೆ ಕಾಣುತ್ತಿತ್ತು.

ಪಕ್ಕದ ಹೊಲಕ್ಕೆ ಹೋದೆ. ಹಾಗೆಯೇ ಐವರು, ನಡುವೆ ಬಾಣದವನು. ಹೀಗೆ ಐದು ಹೊಲಗಳಲ್ಲಿ, ಒಂದೇ ಸಾಲಿನಲ್ಲಿ. ನಾನು ಮಂಡಿಯೂರಿ ಕಲ್ಲಿನ ಬುಡವನ್ನು ನೋಡಿದೆ. ಬುಡಕ್ಕೆ ಮುಷ್ಟಿಯಷ್ಟು ಕರಿಯ ಮಣ್ಣು ಅರಗಿನಂತೆ ಅಂಟಿ ಒಣಗಿತ್ತು. ನೆಡುವಾಗ ನೀರು ಹೊಯ್ದು ತುಳಿದ ಯರಿ ಮಣ್ಣು. ದಿನ್ನೆಯ ಮೇಲೆ ಎಲ್ಲಿ ನೋಡಿದರೂ ನೆಲ ಕೆಂಪು.

ಹಿಂದೆ ಏನೋ ಸದ್ದಾಯಿತು. ತಿರುಗಿದರೆ ಸೈಕಲ್ಲು ಗಿಡದಿಂದ ಜಾರಿ, ತಾನೇ ಉರುಳುತ್ತ, ಕೆಳಗಿನ ಊರಿನ ಕಡೆಗೆ ಹೊರಟಿತ್ತು. ನೀರೂ ಹಾಗೆಯೇ ಹೋಗುತ್ತದೆ, ಮೇಲಕ್ಕೆ ಬರುವುದಿಲ್ಲ. ನನ್ನ ಸಹಪಾಠಿ ಇಲ್ಲಿಗೆ ತನ್ನ ಸಂಬಂಧಿಕರ ಕುದುರೆ ಟಾಂಗಾದಲ್ಲಿ ಬಂದಿದ್ದ. ಏರು ಕುದುರೆಗೆ ತಿಳಿದಿತ್ತು, ಅವನಿಗೆ ತಿಳಿಯಲಿಲ್ಲ. ಸೈಕಲ್ಲಿನ ಹಿಂದೆ ಓಡುತ್ತ ನಾನು ನಗುತ್ತಿದ್ದೆ. ತಿಂಗಳುಗಳ ಮೇಲೆ ಬಂದ ನಗು ಅದು.

ಸೈಕಲ್ಲನ್ನು ಹಿಡಿದು ನಿಲ್ಲಿಸಿದವಳು ಒಬ್ಬ ಮುದುಕಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹ್ಯಾಂಡಲ್ಲನ್ನು ಎತ್ತಿನ ಕೊಂಬು ಹಿಡಿದಂತೆ ಹಿಡಿದಿದ್ದಳು.

"ನಿನ್ನ ಕುದುರಿ ಕಟ್ಟಿ ಹಾಕಾಕ ಬರಂಗಿಲ್ಲೇನು, ಪ್ಯಾಟಿ ತಮ್ಮಾ?"

"ಇಳಕಲಾ ಐತಿ ಆಯೀ, ಅದಕ್ಕ ಹೊಂಟೈತಿ," ಎಂದೆ. "ನೀರು ಬಿಟ್ರೂ ಹಂಗ ಹೋಗ್ತೈತಿ ಅಲ್ಲ?"

ಅವಳು ನನ್ನ ಮುಖ ನೋಡಿದಳು. ಮೊಳಕಾಲಿನ ಮಣ್ಣು ನೋಡಿದಳು. "ಪಾಂಡವರಿಗೆ ಅಡ್ಡಬಿದ್ದಿಯೋ, ಅವರ ಬುಡಾ ಕೆದರಿದಿಯೋ?"

"ನಿಮ್ಮ ಭೀಮ ಯರಿ ಹೊಲದಿಂದ ನಡಕೋಂತ ಬಂದಾನ ಆಯೀ. ಕಾಲೆಲ್ಲಾ ಕೆಸರು."

ಅವಳಿಗೆ ನಗು ಬಂತು, ತಡೆದುಕೊಂಡಳು. ನಾನು ಯಾರೆಂದು ಕೇಳಿದಳು, ಹೇಳಿದೆ. ಪತ್ರಿಕೆ ಎಂದರೆ ಏನೆಂದು ಅವಳಿಗೆ ತಿಳಿದಿತ್ತು; ಮೊನ್ನೆ ಅದರಲ್ಲಿ ತಮ್ಮೂರಿಗೆ ಕಾಲುವೆ ಬಂದಿದೆಯೆಂದು ಊರ ಚಾವಡಿಯಲ್ಲಿ ಓದಿ ಹೇಳಿದ್ದರು. ಮನೆಗೆ ಕರೆದೊಯ್ದಳು. ಒಣ ಸಜ್ಜೆ ರೊಟ್ಟಿ, ಅಗಸಿ ಹಿಂಡಿ ಕೊಟ್ಟಳು. ನಾನು ಏನನ್ನೂ ಕೇಳಲಿಲ್ಲ. ಪಾಠದಲ್ಲಿ ಹೇಳಿದಂತೆ ಸುಮ್ಮನೆ ಕೂತೆ. ಅವಳೇ ಹೇಳಿದಳು.

"ಕೆಳಗಿನ ಊರಾಗ ನನ್ನ ತಂಗೀನ ಕೊಟ್ಟಾರ. ನಾವಿಬ್ಬರೂ ಒಂದ ದಿನಾ ಮದಿವ್ಯಾದವ್ರು, ಒಂದ ಹಂದ್ರದಾಗ. ಆಕೀಗಿ ಯರಿ ಭೂಮಿ, ನನಗ ಮಸಾರಿ. ಆಕಿ ಜ್ವಾಳದ ಚೀಲ ಹೊರಾಕ ಗಾಡಿ ಬೇಕು, ನಾ ನನ್ನ ಸುಗ್ಗಿ ಉಡಿಯಾಗ ತರ್ತೀನಿ. ಆತು, ದೇವ್ರು ಕೊಟ್ಟದ್ದು. ಈಗ ನೀರೂ ಆಕೀಗೇ ಅಂದ್ರ? ಕಲ್ಲು ಬಂದ ದಿನ ಆಕಿ ಏನಂದ್ಲು ಗೊತ್ತೈತೇನು? 'ಯಕ್ಕಾ, ನಿನಗ ಅರಿವಿ ಒಗ್ಯಾಕ ನಮ್ಮ ಕಾಲುವಿಗೆ ಬಾ' ಅಂದ್ಲು. ಪ್ರೀತಿಲೇ ಅಂದ್ಲು ತಮ್ಮಾ! ಅದಕ್ಕ ತಡೀಲಾರದಂಗಾತು. ಬೈದಿದ್ರ ಚಲೋ ಇತ್ತು."

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ್ದೆ.

"ಅಮಾಸಿ ದಿನ ಎಲ್ಲಾರೂ ಗಾಡಿ ಕಟಗೊಂಡು ಹೊಲಕ್ಕ ಹೋಗ್ಯಾರ. ಹೊಲ ಹೊಲದಾಗ 'ಹುಲ್ಲುಲ್ಲಿಗೋ, ಚಲ್ಲಂಬ್ರಿಗೋ' ಅಂತ ಕೂಗಿ ಚರಗಾ ಚೆಲ್ಲಾಕತ್ತಾರ. ಗಾಡ್ಯಾಗ ಬುತ್ತಿ ಐತೋ ಕಲ್ಲು ಐತೋ ಯಾರ ನೋಡ್ತಾರ? ನನ್ನ ಮಗಾ ಕಿತ್ತಾನ, ನಾ ಮ್ಯಾಲ ಜ್ವಾಳದ ಕಣಿಕಿ ಹಾಕಿ ಕುಂತೀನಿ. ಹಾಡಹಗಲು! ಐದು ಹೊಲಕ್ಕ ಒಂದೊಂದು ಇಟ್ಟು ಪೂಜಾ ಮಾಡೀವಿ. ಪಾಂಡವ್ರನ್ನ ಕುಂದ್ರಿಸಿದ ಮ್ಯಾಲ ಸುಗ್ಗಿ ಆಗೋತನ ಯಾರಾರ ಎಬ್ಬಸ್ತಾರೇನು? ಸರಕಾರಕ್ಕೂ ಬರಂಗಿಲ್ಲ."

"ನೀರು ಕಲ್ಲಿನ ಮಾತು ಕೇಳಂಗಿಲ್ಲ ಆಯೀ," ಎಂದೆ.

"ಸರಕಾರ ಕೇಳ್ತೈತಲ್ಲ," ಎಂದಳು.

ಅಲ್ಲಿಂದ ಸೀದಾ ತುರ್ವಿಹಾಳಕ್ಕೆ ಹೋದೆ. ಸರ್ವೆ ಸಾಹೇಬರು ಹಿಂದಿನ ದಿನವೇ ಮರಳಿದ್ದರು. ಡೇರೆಯ ಮುಂದೆ ದುರ್ಬೀನಿನ ಗಾಜು ಒರೆಸುತ್ತ ಕೂತಿದ್ದರು. ಮೊದಲ ಪುಟವನ್ನು ಯಾರೋ ಅವರಿಗೆ ಆಗಲೇ ತೋರಿಸಿದ್ದರು.

"ಕಾಲುವೆ ಕಲ್ಲಿನ ಹಿಂದೆ ಹೋಗ್ತದಾ? ಲೆವೆಲ್ಲಿನ ಹಿಂದೆ ಹೋಗ್ತದೆ! ಫೀಲ್ಡ್ ಬುಕ್ಕಿನಾಗೆ ಒಂದೊಂದು ಜಾಗದ ಎತ್ತರ ಬರ್ದೀನಿ. ಎರಡು ದಿನದಾಗೆ ಹೊಸಾ ಕಲ್ಲು ಅದೇ ಜಾಗಕ್ಕೆ ಹಾಕ್ತೀನಿ. ಅದು ದೊಡ್ಡ ಮಾತಲ್ಲ. ಯಾರು ಕಿತ್ರು? ಅದು ಹೇಳ್ರಿ ಜನಾಬ್. ಊರಾಗೆ ಕೇಳಿದ್ರೆ ಪಾಂಡವರು ತಾವೇ ಬಂದ್ರು ಅಂತಾರೆ. ಮೇಲಿನವರು ನನ್ನ ತಿಂತಾರೆ. ಒಂದು ಹೆಸರು ಸಾಕು, ಅಮೀನರ ಕೈಗೆ ಕೊಟ್ಟು ನಾನು ಕೈ ತೊಳ್ಕೋತೀನಿ."

ಅಮೀನರೆಂದರೆ ಪೊಲೀಸು. ಅವರ ಕೈಗೆ ಕೊಟ್ಟವರು ಯಾವ ರೂಪದಲ್ಲಿ ಮರಳಿ ಬರುತ್ತಾರೆಂದು ಲಿಂಗಸುಗೂರಿನಲ್ಲಿದ್ದ ನನಗೆ ಗೊತ್ತಿತ್ತು. ತನಿಖೆ ನಡೆಸಿದ್ದೇನೆ, ಇನ್ನೂ ತಿಳಿದಿಲ್ಲ ಎಂದೆ.

ಸಂಜೆ ಕೋಣೆಗೆ ಬಂದು ವರದಿ ಬರೆದೆ. ಕಾಲುವೆಯ ದಾರಿ ಬದಲಾಗಿಲ್ಲ, ಬದಲಾದದ್ದು ಕಲ್ಲು. ಎತ್ತರದ ವಿಷಯ ಬರೆದೆ, ಬುಡದ ಕರಿಯ ಮಣ್ಣಿನ ವಿಷಯ ಬರೆದೆ, ಸರ್ವೆಯವರ ಮಾತು ಬರೆದೆ. ಯಾರು ಎಂಬುದಕ್ಕೆ "ಊರಿನ ಕೆಲವರು" ಎಂದು ಹಾಕಿದೆ. ಅಷ್ಟೇ ಸಾಕು, ಅವನ ಮೊದಲ ಪುಟ ಉರುಳಿತು ಎಂದುಕೊಂಡೆ.

ಸಂಪಾದಕರ ಕಾರ್ಡು ಬಂತು. ಅವರ ಕಾರ್ಡುಗಳಲ್ಲಿ ಒಂದು ಮಾತೂ ಹೆಚ್ಚಿರುತ್ತಿರಲಿಲ್ಲ. "ಕಾಲುವೆ ತಿರುಗಿದೆ ಎಂಬ ವರದಿಯೂ ನಿಮ್ಮ ಕೈಬರಹದಲ್ಲೇ ಇದೆ. ತಿರುಗಿಲ್ಲ ಎಂಬುದೂ ನಿಮ್ಮದೇ. ಯಾವುದನ್ನು ನಂಬಲಿ? 'ಕೆಲವರು' ಎಂಬುದು ವದಂತಿ. ಹೆಸರು ಕಳಿಸಿ. ಮೊದಲ ಪುಟದಲ್ಲಿ ಹಾಕುತ್ತೇನೆ. ಕಚೇರಿಯ ಕೆಲಸಕ್ಕೆ ಆಯ್ಕೆಯನ್ನೂ ಇದೇ ವಾರ ಮುಗಿಸಬೇಕಾಗಿದೆ."

ಅದನ್ನು ಎಷ್ಟು ಸಲ ಓದಿದೆನೋ. ಇಷ್ಟು ಸ್ಪಷ್ಟವಾಗಿ ಯಾರೂ ನನಗೆ ಏನನ್ನೂ ಕೊಡಲು ಬಂದಿರಲಿಲ್ಲ. ಒಂದು ಹೆಸರು ಬರೆದರೆ ಕುರ್ಚಿ.

ಬರೆದೆ. ಮುದುಕಿಯ ಹೆಸರು, ಮಗನ ಹೆಸರು, ಊರು, ಅಮಾವಾಸ್ಯೆಯ ದಿನ, ಗಾಡಿ, ಕಣಿಕೆ. ತಂಗಿಯ ಮಾತನ್ನೂ ಸೇರಿಸಿದೆ, ಏಕೆ ಎಂಬ ಪ್ರಶ್ನೆಗೆ ಅದೇ ಉತ್ತರವಾಗಿದ್ದುದರಿಂದ. ಐದೂ ಪ್ರಶ್ನೆಗೆ ಉತ್ತರವಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ವರದಿಯನ್ನು ನಾನು ಬರೆದಿಲ್ಲ. ಲಕೋಟೆಗೆ ಹಾಕಿ, ಬಾಯಿ ಅಂಟಿಸದೆ, ಲಿಂಗಸುಗೂರಿನ ಬಸ್ಸು ತಪ್ಪಿದ್ದರಿಂದ ಮರುದಿನ ಸೈಕಲ್ಲು ಹತ್ತಿ ಮಸ್ಕಿಗೆ ಹೋದೆ. ಸಿಂಧನೂರಿನಿಂದ ಬರುವ ಬಸ್ಸು ಅಲ್ಲಿ ನಿಂತು ನೀರು ಹಾಕಿಸಿಕೊಂಡು ರಾಯಚೂರಿನ ಕಡೆಗೆ ಹೋಗುತ್ತಿತ್ತು.

ಬಸ್ಸಿನಿಂದ ಮೊದಲು ಇಳಿದವನು ನನ್ನ ಸಹಪಾಠಿ.

"ಲೇ ಪಂಡಿತ! ನಿನ್ನ ಹುಡುಕ್ಕೋಂತನ ಹೊಂಟಿದ್ನಿ," ಎಂದು ನನ್ನ ಹೆಗಲಿಗೆ ಕೈ ಹಾಕಿದ. "ನನ್ನ ಬಾತ್ಮಿ ಪೂರಾ ಹುಸಿ ಅಂತಲ್ಲೋ! ಸರ್ವೆ ಸಾಹೇಬ ಬಾಯಿಗೆ ಬಂದಂಗ ಬೈದ. ನೀ ಹೋಗಿ ನೋಡಿ ಬಂದೀಯಂತ. ಬರದೀಯೇನು?"

"ಬರದೀನಿ."

"ಚಲೋ ಆತು. ನನ್ನ ಹೆಸರು ಹಾಕಿ ಬರಿ, ನಾ ಏನೂ ಅನ್ನಂಗಿಲ್ಲ. ಟಾಂಗಾದಾಗ ಹೋಗಿ ಟಾಂಗಾದಾಗ ಬಂದೆ, ಮಣ್ಣು ಮುಟ್ಟಲಿಲ್ಲ. ತಪ್ಪು ನಂದ." ಅವನು ನಕ್ಕ. ಆ ನಗುವಿನಲ್ಲಿ ಎಲ್ಲಿಯಾದರೂ ಬಿರುಕು ಇದೆಯೇ ಎಂದು ನೋಡಿದೆ. ಇರಲಿಲ್ಲ. ಕಚೇರಿಯ ಕುರ್ಚಿ ಹೋದರೆ ಅವನಿಗೆ ಅಪ್ಪನ ಅಡತಿ ಇತ್ತು. ಹೋದರೂ ನಡೆಯುತ್ತದೆ ಎನ್ನುವವನಿಗೆ ಎಲ್ಲವೂ ಸಿಗುತ್ತದೆ ಎಂಬುದನ್ನು ಆ ಕ್ಷಣ ತಿಳಿದೆ. ಅವನನ್ನು ಅಷ್ಟು ದ್ವೇಷಿಸಿದ ಕ್ಷಣ ಬೇರೊಂದಿಲ್ಲ.

ಅವನು ದನಿ ತಗ್ಗಿಸಿದ. "ಯಾರೋ ಕಿತ್ತವ್ರು? ನಾ ಊರಾಗ ಮೂರು ಸರ್ತಿ ಕೇಳೀನಿ. ಎಲ್ಲಾರೂ ಚಾ ಕುಡಸ್ತಾರ, ಯಾರೂ ಬಾಯಿ ಬಿಡವಲ್ರು. ನಿನಗ ಯಾರಾರ ಹೇಳ್ಯಾರೇನು?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಎಲ್ಲರೂ ಎಲ್ಲವನ್ನೂ ಹೇಳುತ್ತಿದ್ದ ಇವನಿಗೆ ಹೇಳದ್ದನ್ನು ಆ ಮುದುಕಿ ನನಗೆ ಹೇಳಿದ್ದಳು. ನನ್ನ ಬಳಿ ಇದ್ದು ಅವನ ಬಳಿ ಇಲ್ಲದ್ದು ಲೋಕದಲ್ಲಿ ಒಂದೇ ಇತ್ತು, ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಅಚ್ಚಾದ ಮರುಗಳಿಗೆಯೇ ಅದು ಅವನದೂ ಆಗುತ್ತದೆ, ಅಮೀನರದೂ ಆಗುತ್ತದೆ. ಗಾಡಿಯ ಕಣಿಕೆಯ ಮೇಲೆ ಕೂತ ಮುದುಕಿ ನೆನಪಿಗೆ ಬಂದಳು. 'ಪ್ರೀತಿಲೇ ಅಂದ್ಲು ತಮ್ಮಾ' ಎಂದದ್ದೂ ನೆನಪಿಗೆ ಬಂತು. ಅವನ ಕೈ ಇನ್ನೂ ನನ್ನ ಹೆಗಲ ಮೇಲಿತ್ತು.

"ಇಲ್ಲ," ಎಂದೆ. "ನನಗೂ ಯಾರೂ ಹೇಳಿಲ್ಲ."

ಡ್ರೈವರು ಹಾರ್ನ್ ಹೊಡೆದ. ನಾನು ಬಂಡೆಯ ಮಗ್ಗುಲಿಗೆ ಹೋಗಿ ಕೂತು, ಲಕೋಟೆಯಿಂದ ಎರಡನೆಯ ಹಾಳೆಯನ್ನು ತೆಗೆದೆ. ಹೆಸರುಗಳಿದ್ದ ಹಾಳೆ ಅದು. ಮೊದಲ ಹಾಳೆಯ ಅಂಚಿನಲ್ಲಿ, ಬಿಟ್ಟಿದ್ದ ಮೂರು ಬೆರಳು ಜಾಗದಲ್ಲಿ, ಬರೆದೆ: "ಯಾರು: ಗೊತ್ತಿದೆ. ಕೊಡುವುದಿಲ್ಲ." ಬಾಯಿ ಅಂಟಿಸಿ ಡ್ರೈವರನ ಕೈಗೆ ಕೊಟ್ಟೆ.

ಎರಡನೆಯ ಹಾಳೆಯನ್ನು ಚೂರು ಮಾಡಿದೆ. ಎಂಥ ವರದಿ ಅದು!

ನನ್ನ ವರದಿ ಅಚ್ಚಾಗಲಿಲ್ಲ. ಮರುವಾರ ಅಚ್ಚಾದದ್ದು ಅವನದು. ಸರ್ವೆ ಪಾರ್ಟಿ ಹೊಸ ಕಲ್ಲು ನೆಟ್ಟ ದಿನ ಅವನು ಅಲ್ಲೇ ನಿಂತಿದ್ದ. ತಲೆಬರಹ, "ಕಾಲುವೆ ಮರಳಿ ಹಳೆಯ ದಾರಿಗೆ". ತಿರುಗದ ಕಾಲುವೆಯನ್ನು ತಿರುಗಿಸಿದ್ದಕ್ಕೆ ಒಂದು ಸಲ, ಮರಳಿಸಿದ್ದಕ್ಕೆ ಇನ್ನೊಂದು ಸಲ, ಎರಡು ಬಾರಿ ಮೊದಲ ಪುಟ. ಯಾರು ಕಿತ್ತರು ಎಂಬ ಪ್ರಶ್ನೆ ಅದರಲ್ಲಿ ಏಳಲೇ ಇಲ್ಲ; ಸಂಪಾದಕರೂ ಅವನನ್ನು ಕೇಳಲಿಲ್ಲ. ಓದುವವರೂ ಮರೆತರು. ಒಂದೇ ಸಮಾಧಾನವೆಂದರೆ ಆ ವರದಿಯನ್ನು ನಾನು ನಕಲು ಮಾಡಿರಲಿಲ್ಲ. ಮೊಳೆ ಜೋಡಿಸುವವರು ಅವನ ಅಕ್ಷರವನ್ನು ಹೇಗೋ ಓದಿಕೊಂಡಿದ್ದರು.

ಕುರ್ಚಿ ಅವನಿಗೆ ಸಿಕ್ಕಿತು. ಪ್ರೊಫೆಸರರು ನನ್ನ ಕಡತವನ್ನು ಹಿಂದಿರುಗಿಸುವಾಗ ಅಚ್ಚಾಗದ ಆ ವರದಿಯ ನಕಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಅತ್ಯುತ್ತಮ ವೀಕ್ಷಣೆ. 'ಯಾರು' ಇಲ್ಲ. ಅಂಕ ಕಳೆದಿದ್ದೇನೆ." ಪಾಸಾಗಿದ್ದೆ. ನಮ್ಮ ತರಗತಿಯ ಉಳಿದವರಲ್ಲಿ ಒಬ್ಬ ಜಾಹೀರಾತಿನ ಕಂಪನಿ ಸೇರಿದ, ಇನ್ನೊಬ್ಬ ರೇಡಿಯೋಕ್ಕೆ ಹೋದ, ಮತ್ತೊಬ್ಬ ಸರಕಾರದ ಪ್ರಕಟಣೆ ಬರೆಯುವ ಗುಮಾಸ್ತನಾದ. ನಾನು ಲಿಂಗಸುಗೂರಿನ ಬಾತ್ಮೀದಾರ. ನಾನು ಕಳಿಸುವುದನ್ನು ಈಗ ಕತ್ತರಿಸುವವನು ಅವನೇ. ಚೆನ್ನಾಗಿ ಕತ್ತರಿಸುತ್ತಾನೆ. ಕತ್ತರಿಸಿದ್ದಕ್ಕೆ ಕ್ಷಮೆ ಕೇಳಿ, ಕೋಳಿ ಕೆದರಿದ ಅಕ್ಷರದಲ್ಲಿ ಕಾರ್ಡು ಬರೆಯುತ್ತಾನೆ. ಸೈಕಲ್ಲನ್ನು ನನಗೇ ಬಿಟ್ಟು ಹೋಗಿದ್ದಾನೆ. ಫುಟ್‌ಪಟ್ಟಿ ಇಡುವುದನ್ನು ನಾನು ಬಿಟ್ಟಿಲ್ಲ. ಬಲಗಡೆಯ ಅಂಕಣ ಮಾತ್ರ ಈಗ ಖಾಲಿ. ಇಡೀ ಪತ್ರಿಕೆಯೇ ಅವನದಾದ ಮೇಲೆ ಏನನ್ನು ಅಳೆಯಲಿ?

ಮರುವರ್ಷದ ಎಳ್ಳಮಾವಾಸ್ಯೆಗೆ ಆ ದಿನ್ನೆಯ ಊರಿಗೆ ಹೋದೆ. ಬಾತ್ಮಿಗಾಗಿ ಅಲ್ಲ, ಮುದುಕಿ ಹೇಳಿ ಕಳಿಸಿದ್ದಳು. ಹೊಲದ ಬನ್ನಿ ಗಿಡದ ಕೆಳಗೆ ಬುತ್ತಿ ಬಿಚ್ಚಿದ್ದರು. ಐದು ಕಲ್ಲು ಸುಣ್ಣ ಹಚ್ಚಿಸಿಕೊಂಡು ಕುಳಿತಿದ್ದವು. ನಡುವಿನವನು ಮೊಳದುದ್ದ. ಸುಗ್ಗಿ ಮುಗಿದ ಮೇಲೆ ಒಯ್ಯುತ್ತೇವೆ ಎಂದ ಸರ್ವೆಯವರು ಮರೆತು ಮುಂದಿನ ಊರಿಗೆ ಹೋದರೆಂದು ಅವಳ ಮಗ ಹೇಳಿದ. ಕೆಳಗೆ, ತಂಗಿಯ ಹೊಲದಂಚಿನಲ್ಲಿ, ಕೆಂಪು ಬಾವುಟಗಳು ಸಾಲಾಗಿ ಆಡುತ್ತಿದ್ದವು.

ಮುದುಕಿ ಸಜ್ಜೆ ಕಡುಬು, ಪುಂಡಿಪಲ್ಲೆ ಬಡಿಸುತ್ತ ಕೇಳಿದಳು: "ಆ ಟಾಂಗಾದಾಗ ಬಂದಿದ್ನಲ್ಲ, ನಗೋ ಹುಡುಗ, ನಿನ್ನ ದೋಸ್ತ. ಎಲ್ಲದಾನ ಈಗ?"

"ಪತ್ರಿಕೆ ಕಚೇರ್ಯಾಗ ಅದಾನ ಆಯೀ. ದೊಡ್ಡ ಕುರ್ಚಿ. ನಾ ಬರದದ್ದು ಕೊಯ್ಯೋದ ಅವನ ಕೆಲಸ."

"ಆ ಕುರ್ಚಿ ನಿನಗ ಬರೂದಿತ್ತೇನು?"

ನಾನು ಕಡುಬು ಮುರಿದು ಪಲ್ಲೆಗೆ ಅದ್ದಿದೆ. ಅವಳು "ಹೊಟ್ಟಿ ಉರೀತೈತೇನು?" ಎಂದಳು.

"ಉರೀತೈತಿ."

ಅವಳು ಕೆಳಗಿನ ಬಾವುಟಗಳ ಕಡೆ ನೋಡಿದಳು. "ನಂದೂ ಆರಿಲ್ಲ," ಎಂದಳು. ನಾನು ಬೇಡವೆಂದು ಕೈ ಅಡ್ಡ ಹಿಡಿದರೂ ಇನ್ನೆರಡು ಕಡುಬು ಹಾಕಿದಳು. "ಉಣ್ಣು. ಹಸದ ಹೊಟ್ಟಿ ಇನ್ನೂ ಭಾಳ ಉರೀತೈತಿ."